ಗೋಡೆಯ ಮೇಲಿನ ಸಕ್ಕರೆ ಲೆಕ್ಕ

2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ ಒಂದು ಸುತ್ತೋಲೆ ಕಳಿಸಿತು: ಪ್ರತಿ ಶಾಲೆಯಲ್ಲೂ ‘ಶುಗರ್ ಬೋರ್ಡ್’ ಇರಬೇಕು. ಮಕ್ಕಳು ದಿನಕ್ಕೆ ಎಷ್ಟು ಸಕ್ಕರೆ ತಿನ್ನಬಹುದು, ಕೂಲ್‌ಡ್ರಿಂಕ್ಸ್ ಮತ್ತು ಕುರುಕಲು ತಿಂಡಿಗಳಲ್ಲಿ ಅದು ಎಷ್ಟಿರುತ್ತದೆ, ಮಿತಿ ಮೀರಿದರೆ ಏನಾಗುತ್ತದೆ, ಬದಲಿಗೆ ಏನು ತಿನ್ನಬಹುದು ಎಂಬುದೆಲ್ಲ ಆ ಫಲಕದ ಮೇಲಿರಬೇಕು. ಕಾರಣವನ್ನೂ ಸುತ್ತೋಲೆ ಹೇಳಿತ್ತು. ಮಕ್ಕಳ ದಿನದ ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ 5 ಮೀರಬಾರದು; 4ರಿಂದ 10 ವರ್ಷದವರಲ್ಲಿ ಅದು ಶೇ 13, 11ರಿಂದ 18ರವರಲ್ಲಿ ಶೇ 15. ಒಂದು ಕಾಲಕ್ಕೆ ದೊಡ್ಡವರ ಕಾಯಿಲೆ ಎನಿಸಿದ್ದ ಟೈಪ್ 2 ಮಧುಮೇಹ ಈಗ ಮಕ್ಕಳನ್ನೂ ಮುಟ್ಟಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ಆದ್ದರಿಂದ ಫಲಕದ ಉದ್ದೇಶಕ್ಕೆ ಯಾರ ತಕರಾರೂ ಇರಲಾರದು. ನನ್ನ ತಕರಾರು ಅದು ಯಾರನ್ನು ಉದ್ದೇಶಿಸಿ ಮಾತಾಡುತ್ತಿದೆ ಎಂಬುದರ ಬಗ್ಗೆ. ಬಾಟಲಿಗೆ ಸಕ್ಕರೆ ಸುರಿದವರು ಒಬ್ಬರು, ಲೆಕ್ಕ ಕಲಿಯಬೇಕಾದವರು ಎಂಟು ವರ್ಷದ ಮಕ್ಕಳು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಂದರೆ ಇದೇ. ಜುಲೈ 15ರೊಳಗೆ ವರದಿ, ಫೋಟೊ ಅಪ್‌ಲೋಡ್ ಮಾಡಿ ಎಂದೂ ಶಾಲೆಗಳಿಗೆ ಸೂಚನೆ ಹೋಗಿತ್ತು. ಫೋಟೊದಲ್ಲಿ ಫಲಕ ಕಾಣುತ್ತದೆ, ಮಕ್ಕಳು ಕುಡಿದದ್ದು ಕಾಣುವುದಿಲ್ಲ.

ಸಕ್ಕರೆ ಕಡಿಮೆ ಮಾಡುವ ದಾರಿಗಳಲ್ಲಿ ಯಾವುದು ಫಲ ಕೊಡುತ್ತದೆ ಎಂಬುದಕ್ಕೆ ಬ್ರಿಟನ್ ತಾನೇ ಒಂದು ಪ್ರಯೋಗಶಾಲೆಯಾಯಿತು. ಅಲ್ಲಿ ಒಂದೇ ಅವಧಿಯಲ್ಲಿ ಎರಡು ಕ್ರಮಗಳು ಅಕ್ಕಪಕ್ಕದಲ್ಲಿ ನಡೆದವು. ಬಿಸ್ಕತ್ತು, ಕೇಕು, ಚಾಕೊಲೇಟು, ಐಸ್‌ಕ್ರೀಮುಗಳ ತಯಾರಕರಿಗೆ ಸರ್ಕಾರ ಸ್ವಇಚ್ಛೆಯ ಗುರಿ ಕೊಟ್ಟಿತು: 2020ರೊಳಗೆ ಸಕ್ಕರೆಯನ್ನು ಶೇ 20ರಷ್ಟು ಇಳಿಸಿ. ಇಳಿದದ್ದು ಸುಮಾರು ಶೇ 3.5. ತಂಪು ಪಾನೀಯಗಳಿಗೆ ಮಾತ್ರ ತೆರಿಗೆ ಬಂತು. 2016ರ ಮಾರ್ಚ್‌ನಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಘೋಷಿಸಿದರು, 2018ರ ಏಪ್ರಿಲ್‌ನಲ್ಲಿ ಜಾರಿಯಾಯಿತು. 100 ಮಿ.ಲೀ.ಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆಯಿದ್ದರೆ ತೆರಿಗೆಯೇ ಇಲ್ಲ. 5 ಗ್ರಾಂ ಮುಟ್ಟಿದರೆ ಆಗ ಲೀಟರಿಗೆ 18 ಪೆನ್ಸ್, 8 ಗ್ರಾಂ ಮುಟ್ಟಿದರೆ 24 ಪೆನ್ಸ್ ಇತ್ತು. ನಡುವಿನ ಎರಡು ವರ್ಷ ಕಂಪನಿಗಳಿಗೆ ಪಾಕ ಬದಲಿಸಿಕೊಳ್ಳಲು ಸಿಕ್ಕ ಕಾಲ. ಅಲ್ಲಿನ ಫ್ಯಾಂಟಾದ ಸಕ್ಕರೆ 6.9 ಗ್ರಾಂನಿಂದ 4.6ಕ್ಕೆ ಇಳಿಯಿತು. 2015ರಿಂದ 2020ರ ನಡುವೆ ತೆರಿಗೆಯ ವ್ಯಾಪ್ತಿಯ ಪಾನೀಯಗಳ ಸಕ್ಕರೆ ಸರಾಸರಿ ಶೇ 46ರಷ್ಟು ತಗ್ಗಿತು. ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ: ಮೊದಲ ವರ್ಷ 52 ಕೋಟಿ ಪೌಂಡ್ ಬರುತ್ತದೆಂದು ಲೆಕ್ಕ ಹಾಕಿದ್ದ ಖಜಾನೆ, ಆಮೇಲೆ ಆ ಅಂದಾಜನ್ನು 24 ಕೋಟಿಗೆ ಇಳಿಸಬೇಕಾಯಿತು. ಸರ್ಕಾರಕ್ಕೆ ಬರುವ ಹಣ ಕಡಿಮೆಯಾದದ್ದೇ ಗೆಲುವಿನ ಗುರುತಾದ ತೆರಿಗೆ ಅಪರೂಪ. ಪರಿಣಾಮವನ್ನು ಉಬ್ಬಿಸಿ ಹೇಳಬೇಕಾಗಿಲ್ಲ. 2023ರ ಒಂದು ಅಧ್ಯಯನ 10–11 ವರ್ಷದ ಹುಡುಗಿಯರ ಬೊಜ್ಜಿನಲ್ಲಿ ಶೇ 8ರಷ್ಟು ಇಳಿಕೆ ಕಂಡಿತು, ಹುಡುಗರಲ್ಲಿ ಅಂಥದ್ದೇನೂ ಕಾಣಲಿಲ್ಲ.

ಇದೇ ಕಣ್ಣಿನಿಂದ ನಮ್ಮ ತೆರಿಗೆಯನ್ನು ನೋಡಿದರೆ ವಿಚಿತ್ರವೆನಿಸುತ್ತದೆ. ಗ್ಯಾಸ್ ತುಂಬಿದ ಪಾನೀಯಗಳ ಮೇಲೆ ಶೇ 28 ಜಿಎಸ್‌ಟಿ ಮತ್ತು ಶೇ 12 ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಒಟ್ಟಿಗೆ ಶೇ 40 ಆಗಿದೆ. ಬ್ರಿಟನ್ನಿಗಿಂತ ಭಾರವೇ ಸರಿ. ಆದರೆ ಸಕ್ಕರೆ ತುಂಬಿದ ಕೋಲಾಕ್ಕೂ ಸಕ್ಕರೆಯೇ ಇಲ್ಲದ ಕೋಲಾಕ್ಕೂ ಅದೇ ಶೇ 40. ಹೀಗಿರುವಾಗ ಯಾವ ಕಂಪನಿ ಯಾವ ಆಸೆಗೆ ಸಕ್ಕರೆ ಇಳಿಸೀತು? ಅದೇ ದಿನ, ಗ್ಯಾಸ್ ಇಲ್ಲ ಎಂಬ ಒಂದೇ ಪುಣ್ಯಕ್ಕೆ ಪೊಟ್ಟಣದ ಮಾವಿನ ಪೇಯದ ತೆರಿಗೆ ಶೇ 12ರಿಂದ 5ಕ್ಕೆ ಬಂತು. ಬಿಸ್ಕತ್ತು, ಕೇಕು, ಚಾಕೊಲೇಟುಗಳದ್ದು 18ರಿಂದ 5ಕ್ಕೆ. ಮೇನಲ್ಲಿ ಶಾಲೆಯ ಗೋಡೆಯ ಮೇಲೆ ಎಚ್ಚರಿಕೆ ಬರೆಸಿ, ಸೆಪ್ಟೆಂಬರಿನಲ್ಲಿ ಎಚ್ಚರಿಕೆಯ ವಸ್ತುಗಳನ್ನೇ ಅಗ್ಗ ಮಾಡಿದ ಹಾಗಾಯಿತು. ಮಧ್ಯಮ ವರ್ಗದ ಖರ್ಚು ತಗ್ಗಿಸುವುದು ಆ ಬದಲಾವಣೆಯ ಉದ್ದೇಶವಾಗಿತ್ತು, ಒಪ್ಪೋಣ. ಬಿಸ್ಕತ್ತಿನೊಳಗಿನ ಸಕ್ಕರೆಯನ್ನು ಅಲ್ಲಿ ಯಾರೂ ಲೆಕ್ಕಕ್ಕೇ ಹಿಡಿದಂತಿಲ್ಲ. ಫಲಕದಲ್ಲಿ ಕಲಿತ ಲೆಕ್ಕ ಅಂಗಡಿಯಲ್ಲಿ ಉಪಯೋಗಕ್ಕೆ ಬರಬೇಕಾದರೆ ಪೊಟ್ಟಣವೂ ಮಾತಾಡಬೇಕು. ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ ಹೆಚ್ಚಿರುವ ಪೊಟ್ಟಣದ ಮುಂಬದಿಯಲ್ಲೇ ಕಪ್ಪು ಅಷ್ಟಕೋನದ ಮುದ್ರೆಯಿದೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ತಂದ ಕರಡಿನಲ್ಲಿ ಎಚ್ಚರಿಕೆಯ ಬದಲು ನಕ್ಷತ್ರಗಳಿದ್ದವು. ಕಾಯಿ, ಹಣ್ಣು, ನಾರಿನಂಶದ ಅಂಕಗಳು ಸಕ್ಕರೆಯ ದೋಷವನ್ನು ಒಂದಿಷ್ಟು ತೊಳೆದುಬಿಡುವ ಲೆಕ್ಕಾಚಾರ ಅದು.

ನಮ್ಮಲ್ಲೂ ಸಕ್ಕರೆ ಅಳೆದು ತೆರಿಗೆ ಹಾಕಿ ಎಂದರೆ, ಅದು ಬಡವರನ್ನೇ ಹೆಚ್ಚು ತಟ್ಟುತ್ತದೆ ಎಂಬ ಆಕ್ಷೇಪ ಬರುತ್ತದೆ. ಶೇ 40ರ ಈಗಿನ ತೆರಿಗೆಗೆ ಆ ಮಾತು ಹೆಚ್ಚು ಒಪ್ಪುತ್ತದೆ. ಸಕ್ಕರೆಯನ್ನೇ ಅಳೆಯುವ ತೆರಿಗೆಯಲ್ಲಿ ಪಾಕ ಬದಲಾದ ಪಾನೀಯಕ್ಕೆ ತೆರಿಗೆಯೇ ಬೀಳುವುದಿಲ್ಲ, ಬೆಲೆ ಏರುವ ಕಾರಣವೂ ಇರುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕೃತಕ ಸಿಹಿಯದು. ಬ್ರಿಟನ್ನಿನ ಪಾನೀಯಗಳಲ್ಲಿ ಸಕ್ಕರೆ ಹೋದ ಜಾಗಕ್ಕೆ ಬಹುಪಾಲು ಬಂದದ್ದು ಅದೇ, ಮತ್ತು ತೂಕ ಇಳಿಸಲು ಅದನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮಕ್ಕಳ ನಾಲಿಗೆ ಅತಿಸಿಹಿಗೇ ಒಗ್ಗಿ ಉಳಿಯುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಹಾಗಾಗಿ ತೆರಿಗೆಯ ಜೊತೆಗೆ ಕೃತಕ ಸಿಹಿಗೂ ಮಿತಿ ಬೇಕಾದೀತು. ಸಕ್ಕರೆಯನ್ನು ಇದ್ದಂತೆ ಬಿಡಲು ಅದು ನೆಪವಾಗದು. ಇನ್ನು ನಮ್ಮಲ್ಲಿ ಸಕ್ಕರೆ ಬಾಟಲಿಗಿಂತ ಹೆಚ್ಚಾಗಿ ಕಾಫಿ, ಟೀ, ಕೇಸರಿಬಾತು, ಹಬ್ಬದ ಹೋಳಿಗೆಯಲ್ಲಿ ಒಳಗೆ ಹೋಗುತ್ತದಲ್ಲ ಎನ್ನುವವರಿದ್ದಾರೆ. ನಿಜ, ಯಾವ ತೆರಿಗೆಯೂ ಅಡುಗೆಮನೆಯ ಡಬ್ಬಿಯನ್ನು ಮುಟ್ಟಲಾರದು; ಅಲ್ಲಿ ತಿಳಿವಳಿಕೆಯೇ ಗತಿ. ಶುಗರ್ ಬೋರ್ಡ್ ನಿಜವಾಗಿ ಕೆಲಸಕ್ಕೆ ಬರಬಹುದಾದ ಜಾಗವೂ ಅದೇ. ಕೋಲಾ, ಬರ್ಗರುಗಳ ಜೊತೆಗೆ ಹಾಲಿಗೆ ಬೆರೆಸುವ ಪುಡಿ, ಎರಡು ಚಮಚ ಸಕ್ಕರೆಯ ಟೀ ಕೂಡ ಫಲಕಕ್ಕೆ ಬಂದರೆ ಅದನ್ನು ಮನೆಗೆ ಒಯ್ಯುವ ಮಗುವಿನ ಮಾತಿಗೆ ತೂಕವಿರುತ್ತದೆ.

ಕರ್ನಾಟಕದಲ್ಲಿ ಈ ಮಾತು ಎತ್ತಿದರೆ ಕಬ್ಬಿನ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಪ್ರದೇಶ, ಮಹಾರಾಷ್ಟ್ರಗಳ ಸಾಲಿನಲ್ಲಿ ನಿಲ್ಲುವ ಸಕ್ಕರೆ ರಾಜ್ಯ ನಮ್ಮದು. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳ ಹೊಲದ ಬದುಕು ಅದರ ಮೇಲಿದೆ. ಜನ ಸಕ್ಕರೆ ಬಿಟ್ಟರೆ ರೈತನ ಗತಿಯೇನು? ಆದರೆ 2025ರ ನವೆಂಬರಿನಲ್ಲಿ ಬೆಳಗಾವಿ ಸೀಮೆಯ ಬೆಳೆಗಾರರು ರಸ್ತೆಗಿಳಿದದ್ದು ಟನ್ನಿಗೆ 3,500 ರೂಪಾಯಿ ಕೊಡಿ ಎಂದು. ಅವರ ಜಗಳ ಇದ್ದದ್ದು ಕಾರ್ಖಾನೆ ಕೊಡುವ ದರದ ಮೇಲೆ. ಅದೇ ಕಬ್ಬಿನಿಂದ ಕಾರ್ಖಾನೆಗಳು ಈಗ ಪೆಟ್ರೋಲಿಗೆ ಬೆರೆಸುವ ಎಥೆನಾಲನ್ನೂ ತೆಗೆಯುತ್ತಿವೆ. ಶಾಲಾ ಮಕ್ಕಳ ಬಾಟಲಿಯಿಂದ ಕೆಲವು ಗ್ರಾಂ ಕಡಿಮೆಯಾದರೆ ರೈತ ಮುಳುಗುತ್ತಾನೆ ಎನ್ನುವವರು, ಈ ವರ್ಷಗಳಲ್ಲಿ ಬಾಟಲಿಗಳ ಮಾರಾಟ ಏರಿದಾಗ ಆ ಏರಿಕೆಯ ಎಷ್ಟು ಪಾಲು ಕಬ್ಬಿನ ದರಕ್ಕೆ ಸೇರಿತು ಎಂಬುದನ್ನು ಮೊದಲು ತೋರಿಸಲಿ.