ಬಿಳಿ ಬೂದಿ ಮತ್ತು ಟವೆಲ್: ‘ಮೆಗಾಲೊ ಬಾಕ್ಸ್’ ಅಭಿಮಾನಿಗಳ ಅಸಮಾಧಾನದ ಕುರಿತು

1970ರ ಮಾರ್ಚ್ 24ರಂದು ಟೋಕಿಯೊ ನಗರದ ಕೊದಾನ್ಶ ಪ್ರಕಾಶನ ಸಂಸ್ಥೆಯಲ್ಲಿ ಒಂದು ಅಂತ್ಯಕ್ರಿಯೆಯ ವಿಧಿ ನಡೆಯಿತು. ಸುಮಾರು 700 ಜನರು ನೆರೆದಿದ್ದರು. ಸಭಾಂಗಣದಲ್ಲಿ ಬಾಕ್ಸಿಂಗ್ ರಿಂಗನ್ನು ಕಟ್ಟಲಾಗಿತ್ತು. ಬೌದ್ಧ ಪುರೋಹಿತರು ವಿಧಿಯನ್ನು ನಡೆಸಿದರು. ಬಂದವರಲ್ಲಿ ಅನೇಕರು ಅತ್ತರು. ಶವ ಮಾತ್ರ ಇರಲಿಲ್ಲ, ಇರುವ ಸಾಧ್ಯತೆಯೂ ಇರಲಿಲ್ಲ. ತೀರಿಕೊಂಡವನು ತೋರು ರಿಕಿಇಶಿ ಎಂಬ ಬಾಕ್ಸರ್. 1968ರಿಂದ 1973ರವರೆಗೆ ವಾರಪತ್ರಿಕೆಯೊಂದರಲ್ಲಿ ಪ್ರಕಟವಾದ ‘ಅಶಿತ ನೊ ಜೋ’, ಅಂದರೆ ‘ನಾಳೆಯ ಜೋ’ ಎಂಬ ಚಿತ್ರಕಥೆಯ ಒಂದು ಪಾತ್ರ. ಕಥಾನಾಯಕ ಜೋ ಯಾಬುಕಿಯೊಡನೆ ಒಂದೇ ತೂಕದ ವರ್ಗದಲ್ಲಿ ಸೆಣಸಬೇಕೆಂದು ಅನ್ನನೀರು ಬಿಟ್ಟು ದೇಹವನ್ನು ಇಳಿಸಿಕೊಂಡ ರಿಕಿಇಶಿ, ಪಂದ್ಯವನ್ನು ಗೆದ್ದು, ಗೆದ್ದ ಸ್ವಲ್ಪ ಹೊತ್ತಿನಲ್ಲೇ ಕುಸಿದು ಸಾಯುತ್ತಾನೆ. ಅವನಿಗಾಗಿ ಈ ವಿಧಿಯನ್ನು ಏರ್ಪಡಿಸಿದವನು ಕವಿಯೂ ನಾಟಕಕಾರನೂ ಆದ ಶೂಜಿ ತೆರಾಯಾಮ.

ದೈವಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಓದಿ ಮುಗುಳ್ನಗಬಹುದು. ನಗುವ ಮುನ್ನ ಮುಂದಿನ ವಾರದ ಘಟನೆಯನ್ನೂ ನೆನೆಯಬೇಕು. ಅದೇ ಮಾರ್ಚ್ 31ರಂದು ಜಪಾನಿನ ಕೆಂಪು ಸೇನಾ ಬಣದ ಒಂಬತ್ತು ಯುವಕರು ವಿಮಾನವೊಂದನ್ನು ಅಪಹರಿಸಿ ಉತ್ತರ ಕೊರಿಯಾಕ್ಕೆ ಹೋದರು. ಹೊರಡುವ ಮೊದಲು ಬರೆದಿಟ್ಟ ಹೇಳಿಕೆಯಲ್ಲಿ ಅವರು ತಮ್ಮನ್ನು ಇದೇ ಜೋನೊಂದಿಗೆ ಗುರುತಿಸಿಕೊಂಡಿದ್ದರು. ಕಥೆಯೊಂದು ಓದುಗರನ್ನು ಒಂದು ವಾರ ಶೋಕಕ್ಕೂ ಮರುವಾರ ಆಯುಧಕ್ಕೂ ಕರೆದೊಯ್ಯಬಲ್ಲದಾದರೆ, ಅದರ ಅಭಿಮಾನಿಗಳ ಪ್ರತಿಕ್ರಿಯೆಯನ್ನು ಬಾಲಿಶವೆಂದು ತಳ್ಳಿಹಾಕಲು ನಮಗೆ ಅಧಿಕಾರವಿಲ್ಲ. ಜನರು ಯಾವ ಮರಣವನ್ನು ಸುಂದರವೆಂದು ಕಾಣುತ್ತಾರೆ ಎಂಬುದು ಸುವಾರ್ತೆಯನ್ನು ಸಾರುವವರು ತಿಳಿದಿರಬೇಕಾದ ಸಂಗತಿ.

‘ನಾಳೆಯ ಜೋ’ ಕಥೆಯ ಕೊನೆಯ ಚಿತ್ರವನ್ನು ಜಪಾನಿನಲ್ಲಿ ಅರಿಯದವರು ಕಡಿಮೆ. ವಿಶ್ವ ಚಾಂಪಿಯನ್ ಹೊಸೆ ಮೆಂಡೋಜನೆದುರು ಹದಿನೈದು ಸುತ್ತು ನಿಂತು ಅಂಕಗಳಲ್ಲಿ ಸೋತ ಜೋ ತನ್ನ ಮೂಲೆಯ ಪೀಠದಲ್ಲಿ ಕುಳಿತಿದ್ದಾನೆ. ತಲೆ ಬಾಗಿದೆ, ತುಟಿಯಲ್ಲಿ ಸಣ್ಣ ನಗು. ಚಿತ್ರಕಾರ ತೆತ್ಸುಯ ಚಿಬ ಆ ಪುಟದಲ್ಲಿ ನಾಯಕನಿಗೆ ಬಣ್ಣವನ್ನಾಗಲಿ ನೆರಳನ್ನಾಗಲಿ ಕೊಡಲಿಲ್ಲ. ಪೂರ್ತಿ ಉರಿದು ಬಿಳಿಯ ಬೂದಿಯಾಗಬೇಕೆಂಬುದು ಜೋ ಮೊದಲೇ ಆಡಿದ್ದ ಆಸೆ. ಅವನು ಸತ್ತನೋ ಬದುಕಿದನೋ ಎಂಬ ವಾದ ಐವತ್ತು ವರ್ಷಗಳಾದರೂ ನಿಂತಿಲ್ಲ. ಆದರೆ ಅಭಿಮಾನಿಗಳ ಬಹುಪಾಲು ಪ್ರೀತಿ ಬೂದಿಯ ಕಡೆಗೇ ಇದೆ ಎಂದು ನನಗೆ ಅನ್ನಿಸುತ್ತದೆ. ಬದುಕಿದನೆಂದು ವಾದಿಸುವವರೂ ಒಂದು ಬಗೆಯ ಸಂಕೋಚದಿಂದಲೇ ವಾದಿಸುತ್ತಾರೆ.

ಆ ಕಥೆಗೆ ಐವತ್ತು ತುಂಬಿದ 2018ರಲ್ಲಿ, ಅದರ ಗೌರವಾರ್ಥವಾಗಿ, ಯೋ ಮೊರಿಯಾಮ ನಿರ್ದೇಶಿಸಿದ ಹದಿಮೂರು ಕಂತುಗಳ ಅನಿಮೆ ‘ಮೆಗಾಲೊ ಬಾಕ್ಸ್’ ಬಂದಿತು. ಕಾಲ ಭವಿಷ್ಯದ್ದು, ಧೂಳು ಮಾತ್ರ ಹಳೆಯದು. ಹೊಳಪು ಹೆಚ್ಚಾಗಬಾರದೆಂದು ಚಿತ್ರಗಳನ್ನು ಬೇಕೆಂದೇ ಕಡಿಮೆ ಸ್ಪಷ್ಟತೆಗೆ ಇಳಿಸಿ ಮತ್ತೆ ಹಿಗ್ಗಿಸಲಾಗಿದೆ; ಬಹಳ ಸಲ ಬಳಸಿದ ಕ್ಯಾಸೆಟ್ಟಿನಲ್ಲಿ ನೋಡಿದ ಅನುಭವವಾಗುತ್ತದೆ. ಬಾಕ್ಸರುಗಳು ತೋಳುಗಳಿಗೆ ‘ಗೇರ್’ ಎಂಬ ಲೋಹದ ಯಂತ್ರಾಂಗವನ್ನು ತೊಟ್ಟು ಸೆಣಸುತ್ತಾರೆ. ನಗರದ ಹೊರಗೆ ಗುರುತಿನ ಚೀಟಿಯಿಲ್ಲದ ಜನರ ವಸತಿ. ಅಲ್ಲಿನ ಕಳ್ಳ ಅಖಾಡದಲ್ಲಿ ದುಡ್ಡಿಗಾಗಿ ಬೇಕೆಂದೇ ಸೋಲುವ ಯುವಕನಿಗೆ ಹೆಸರೂ ಇಲ್ಲ. ‘ಜಂಕ್ ಡಾಗ್’, ಅಂದರೆ ಗುಜರಿ ನಾಯಿ, ಎಂದು ಕರೆಯುತ್ತಾರೆ. ಸುಳ್ಳು ಚೀಟಿಯೊಂದರ ಮೂಲಕ ಅವನಿಗೆ ‘ಜೋ’ ಎಂಬ ಹೆಸರು ಸಿಗುತ್ತದೆ. ಮುಂದೆ ಗೇರ್ ಇಲ್ಲದೆ ಬರಿಮೈಯಲ್ಲೇ ರಿಂಗಿಗೆ ಇಳಿಯುತ್ತಾನೆ. ಯಂತ್ರವನ್ನು ದೇಹದೊಳಗೇ ಬೆಸೆದುಕೊಂಡಿದ್ದ ಚಾಂಪಿಯನ್ ಯೂರಿ, ಇವನನ್ನು ಸಮಾನನಾಗಿ ಎದುರಿಸಲು ಅದನ್ನು ಶಸ್ತ್ರಚಿಕಿತ್ಸೆಯಿಂದ ಕೀಳಿಸಿಕೊಳ್ಳುತ್ತಾನೆ.

ಈ ಹಂತದಲ್ಲಿ ದೈವಶಾಸ್ತ್ರದ ಲೇಖಕನಿಗೆ ಒಂದು ಶೋಧನೆ ಎದುರಾಗುತ್ತದೆ. ಹೆಸರಿಲ್ಲದವನಿಗೆ ಹೊಸ ಹೆಸರು, ಬಲಹೀನತೆಯಲ್ಲಿ ಬಲ, ತನ್ನನ್ನು ಬರಿದುಮಾಡಿಕೊಳ್ಳುವ ಅರಸು. ಕೊರಿಂಥದವರಿಗೂ ಫಿಲಿಪ್ಪಿಯವರಿಗೂ ಬರೆದ ಪತ್ರಿಕೆಗಳನ್ನು ತೆರೆದಿಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ಪ್ರಬಂಧ ಸಿದ್ಧ. ಅಂಥ ಪ್ರಬಂಧಗಳನ್ನು ನಾನು ಸಾಕಷ್ಟು ತಿದ್ದಿದ್ದೇನೆ. ಜಪಾನಿನ ಕಥೆಯೊಂದಕ್ಕೆ ಕ್ರೈಸ್ತ ನಿಲುವಂಗಿಯನ್ನು ತೊಡಿಸಿದರೆ ಕಥೆಗೂ ಲಾಭವಿಲ್ಲ, ಕ್ರಿಸ್ತನಿಗೂ ಲಾಭವಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಕಥೆಗಿಂತ ಅದನ್ನು ಕಂಡವರು ಪಟ್ಟ ಅಸಮಾಧಾನ.

ಹಳೆಯ ಜೋನನ್ನು ಬಲ್ಲವರು ಹೊಸ ಜೋ ಬೂದಿಯಾಗುವುದನ್ನೇ ಕಾಯುತ್ತ ಹದಿಮೂರು ಕಂತುಗಳನ್ನು ನೋಡಿದರು. ಅವನು ಬೂದಿಯಾಗಲಿಲ್ಲ. ಗೆದ್ದ, ಬದುಕಿದ, ಯೂರಿ ಗಾಲಿಕುರ್ಚಿಯಲ್ಲಾದರೂ ಉಳಿದ. ಇದರಿಂದ ಸಂತೋಷಪಟ್ಟವರು ಅನೇಕರು. ಆದರೆ ಅಂತ್ಯ ಸಪ್ಪೆಯಾಯಿತು, ನಾಯಕ ಬೆಲೆ ತೆರಲಿಲ್ಲ ಎಂದವರೂ ಇದ್ದರು. ನಮ್ಮ ವಸತಿನಿಲಯದಲ್ಲಿ ಇದನ್ನು ಮೊಬೈಲಿನಲ್ಲಿ ನೋಡಿ ಮುಗಿಸಿದ ವಿದ್ಯಾರ್ಥಿಯೊಬ್ಬರು ನನ್ನ ಬಳಿ ಬಂದು ಹೇಳಿದ ಮಾತೂ ಅದೇ: “ಅಯ್ಯನವರೇ, ಅವನು ಸಾಯಬೇಕಿತ್ತು. ಸತ್ತಿದ್ದರೆ ಮರೆಯುತ್ತಿರಲಿಲ್ಲ.” ಬಹಳ ಮೃದು ಸ್ವಭಾವದ ಹುಡುಗ, ಆ ಮಾತನ್ನು ಆಡಿದ್ದು ಭಕ್ತಿಯಿಂದ ಎಂದೇ ಹೇಳಬೇಕು.

ಆ ಭಕ್ತಿಯನ್ನು ಅಗಸ್ಟೀನನು ಎರಡು ಕಡೆ ಪರೀಕ್ಷಿಸಿದ್ದಾನೆ. ‘ಅರಿಕೆಗಳು’ ಗ್ರಂಥದ ಆರನೆಯ ಭಾಗದಲ್ಲಿ ಬರುವ ಅಲಿಪಿಯನ ಪ್ರಸಂಗ ಪ್ರಸಿದ್ಧವಾದುದು. ಖಡ್ಗಮಲ್ಲರ ಕಾಳಗವನ್ನು ದ್ವೇಷಿಸುತ್ತಿದ್ದ ಅವನನ್ನು ರೋಮಿನಲ್ಲಿ ಗೆಳೆಯರು ಬಲವಂತವಾಗಿ ಎಳೆದೊಯ್ಯುತ್ತಾರೆ. ಕಣ್ಣು ಮುಚ್ಚಿ ಕುಳಿತವನು ಜನರ ಆರ್ಭಟ ಕೇಳಿ ಕಣ್ಣು ತೆರೆಯುತ್ತಾನೆ. ಆಮೇಲೆ ತಾನೇ ಇತರರನ್ನು ಕರೆತರುತ್ತಾನೆ. ಪ್ರಸಂಗಿಗಳು ಇದನ್ನೇ ಬಳಸುತ್ತಾರೆ. ನಮ್ಮ ವಿಷಯಕ್ಕೆ ಮೂರನೆಯ ಭಾಗವೇ ಹೆಚ್ಚು ಹತ್ತಿರ. ಕಾರ್ಥೇಜಿನ ರಂಗಮಂದಿರದಲ್ಲಿ ತಾನು ಅತ್ತದ್ದನ್ನು ನೆನೆದು, ತಾನು ಅನುಭವಿಸಲೊಲ್ಲದ ದುಃಖವನ್ನು ಮನುಷ್ಯನು ನೋಡಲು ಏಕೆ ಬಯಸುತ್ತಾನೆಂದು ಅಗಸ್ಟೀನನು ಅಲ್ಲಿ ಕೇಳುತ್ತಾನೆ. ಅವನು ಕಂಡುಕೊಂಡದ್ದು ಸೂಕ್ಷ್ಮವಾದುದು: ರಂಗಮಂದಿರವು ಪ್ರೇಕ್ಷಕನನ್ನು ಸಹಾಯಕ್ಕೆ ಕರೆಯುವುದಿಲ್ಲ, ದುಃಖಿಸುವುದಕ್ಕೆ ಮಾತ್ರ ಕರೆಯುತ್ತದೆ. ಏಳಬೇಕಾದ ಹೊಣೆಯಿಲ್ಲದ ಕಣ್ಣೀರು ಹಿತವಾಗಿರುತ್ತದೆ. ನಾಯಕನು ಬದುಕಿಬಿಟ್ಟರೆ ಆ ಹಿತಕ್ಕೆ ಭಂಗ.

ಸಭೆಯ ಇತಿಹಾಸವೂ ಇದರಿಂದ ಹೊರತಲ್ಲ. ಹತಸಾಕ್ಷಿಗಳ ಕಥೆಗಳನ್ನು ಕೇಳಿ ಬೆಳೆದವರು ನಾವು. ಅಂತಿಯೋಕ್ಯದ ಇಗ್ನೇಷಿಯಸನು ತನ್ನನ್ನು ಮೃಗಗಳಿಂದ ಬಿಡಿಸಬೇಡಿರೆಂದು ರೋಮಿನ ಸಭೆಯನ್ನು ಬೇಡಿಕೊಂಡ ಪತ್ರವನ್ನು ನಾವು ಗೌರವದಿಂದ ಓದುತ್ತೇವೆ, ಓದಬೇಕಾದದ್ದೇ. ಆದರೆ ಅದೇ ಎರಡನೆಯ ಶತಮಾನದಲ್ಲಿ ಸ್ಮುರ್ನದ ಸಭೆ ಪೋಲಿಕಾರ್ಪನ ಮರಣವನ್ನು ವರದಿ ಮಾಡುವಾಗ ಕ್ವಿಂಟಸ್ ಎಂಬ ಫ್ರುಗ್ಯದವನೊಬ್ಬನ ಕಥೆಯನ್ನು ಮರೆಯದೆ ಸೇರಿಸಿತು. ಅವನು ತಾನಾಗಿ ಮುಂದೆ ಬಂದು, ಇತರರನ್ನೂ ಮುಂದೆ ಬರುವಂತೆ ಪ್ರೇರೇಪಿಸಿ, ಮೃಗಗಳನ್ನು ಕಂಡಾಗ ಧೈರ್ಯಗೆಟ್ಟು ವಿಶ್ವಾಸವನ್ನೇ ತೊರೆದನು. ಆದುದರಿಂದ ತಾವಾಗಿ ಮರಣಕ್ಕೆ ಒಪ್ಪಿಸಿಕೊಳ್ಳುವವರನ್ನು ತಾವು ಹೊಗಳುವುದಿಲ್ಲವೆಂದು ಆ ಸಭೆ ಬರೆಯಿತು. ಪೋಲಿಕಾರ್ಪನೇ ಮೊದಲು ಊರ ಹೊರಗಿನ ತೋಟವೊಂದಕ್ಕೆ ಸರಿದುಹೋಗಿದ್ದನು. ಈ ಭಾಗವನ್ನು ನಮ್ಮ ತರಗತಿಗಳಲ್ಲಿ ಬೇಗ ದಾಟಿಬಿಡುತ್ತೇವೆ.

ಭಾರತದ ಮಿಷನರಿ ಚರಿತ್ರೆಯಲ್ಲಿ ಬಿಳಿ ಬೂದಿಯ ಮಾತಿಗೆ ಇನ್ನೂ ಸಮೀಪದ ಉದಾಹರಣೆಯಿದೆ. 1806ರಲ್ಲಿ ಕಲ್ಕತ್ತೆಗೆ ಬಂದ ಹೆನ್ರಿ ಮಾರ್ಟಿನ್ ದೇವರಿಗಾಗಿ ಉರಿದುಹೋಗುವ ಬಯಕೆಯನ್ನು ದಿನಚರಿಯಲ್ಲಿ ಬರೆದುಕೊಂಡನು. ಹೊಸ ಒಡಂಬಡಿಕೆಯನ್ನು ಉರ್ದುವಿಗೂ ಪಾರಸಿಗೂ ತಂದು, 1812ರಲ್ಲಿ ಸ್ವದೇಶದ ದಾರಿಯಲ್ಲಿ ತೋಕಾತ್ ಎಂಬ ಊರಿನಲ್ಲಿ ತೀರಿಕೊಂಡಾಗ ಅವನಿಗೆ 31 ವರ್ಷ. ಅವನ ಕೆಲಸದ ಮುಂದೆ ತಲೆಬಾಗದೆ ಇರಲಾಗದು. ಆದರೆ ಆ ವಾಕ್ಯವನ್ನು ಅಭಿಷೇಕದ ದಿನ ಎಳೆಯ ಸಭಾಪಾಲಕರ ಕಿವಿಯಲ್ಲಿ ಹಾಕುವಾಗ ನಾವು ಮಾಡುತ್ತಿರುವುದೇನು? ಮೂರು ಊರುಗಳ ಆರಾಧನೆ, ವಾರದ ನಡುವಿನ ಮನೆಕೂಟ, ಮಧ್ಯರಾತ್ರಿಯ ಆಸ್ಪತ್ರೆಯ ಕರೆ; ಇವುಗಳ ನಡುವೆ ಬಿದ್ದುಹೋದ ಒಬ್ಬರನ್ನಾದರೂ ನಮ್ಮಲ್ಲಿ ಎಲ್ಲರೂ ಬಲ್ಲೆವು. ಸಭೆ ಅವರಿಗೆ ಶಾಲು ಹೊದಿಸುತ್ತದೆ, ಚಪ್ಪಾಳೆ ತಟ್ಟುತ್ತದೆ. ರಜೆ ಕೇಳಿದರೆ ಮುಖ ಗಂಟಿಕ್ಕುತ್ತದೆ.

ಈ ಹಿನ್ನೆಲೆಯಲ್ಲಿ 2021ರಲ್ಲಿ ಬಂದ ಎರಡನೆಯ ಸರಣಿ ‘ನೊಮಾಡ್’ ನನಗೆ ಮೊದಲಿನದಕ್ಕಿಂತ ಬಹಳ ಮೇಲಿನ ಕೃತಿಯಾಗಿ ಕಾಣುತ್ತದೆ. ಏಳು ವರ್ಷ ಕಳೆದಿವೆ. ಗುರು ನಂಬು ತೀರಿಕೊಂಡಿದ್ದಾನೆ. ಆಶ್ರಯಕ್ಕೆ ಬಂದಿದ್ದ ಮಕ್ಕಳನ್ನು ಬಿಟ್ಟು ಜೋ ಹೊರಟುಹೋಗಿದ್ದಾನೆ. ನೋವುನಿವಾರಕ ಮಾತ್ರೆಗಳ ದಾಸನಾಗಿ ಮತ್ತೆ ಕಳ್ಳ ಅಖಾಡಗಳಲ್ಲಿ ಅಲೆಯುತ್ತಿದ್ದಾನೆ. ಬಾಕ್ಸಿಂಗ್ ಕಡಿಮೆಯಾಯಿತು, ಕಥೆ ನಿಧಾನವಾಯಿತು ಎಂಬ ಆಕ್ಷೇಪ ಅಭಿಮಾನಿಗಳಿಂದ ಬಂದಿತು. ಅದು ನಿಜವೂ ಹೌದು. ಮೊದಲ ಕಂತುಗಳಲ್ಲಿ, ತನ್ನ ವಲಸಿಗ ಸಮುದಾಯದ ನೆಲವನ್ನು ಉಳಿಸಿಕೊಳ್ಳಲು ಸೆಣಸುವ ಚೀಫ್ ಎಂಬ ಹಿರಿಯ ಬಾಕ್ಸರ್ ಜೋನನ್ನು ಚಟದಿಂದ ಎಬ್ಬಿಸಿ, ತಾನು ಸಾಯುತ್ತಾನೆ. ಪ್ರೇಕ್ಷಕರು ಬಯಸಿದ ಸುಂದರ ಮರಣ ಅಲ್ಲೇ, ನಾಲ್ಕು ಕಂತುಗಳೊಳಗೆ, ಬಂದುಹೋಗುತ್ತದೆ. ಇನ್ನೊಂಬತ್ತು ಕಂತುಗಳು ಉಳಿದವನದು. ಅವನು ಮನೆಗೆ ಹಿಂದಿರುಗಿ ಬಾಗಿಲಲ್ಲಿ ನಿಂತಾಗ ಮಕ್ಕಳು ಕ್ಷಮಿಸುವುದಿಲ್ಲ. ಕ್ಷಮೆ ಕೇಳುವುದು ಅವನಿಗೂ ಬರುವುದಿಲ್ಲ. ಮುರಿದ ಮನೆಯನ್ನು ರಿಪೇರಿ ಮಾಡುತ್ತಾನೆ. ದೂರ ಹೋದ ಮಗನ ಸಾಮ್ಯವನ್ನು ಓದಿ ಬೆಳೆದ ನಮಗೆ ಇಲ್ಲಿ ಓಡಿಬರುವ ತಂದೆ ಇಲ್ಲದಿರುವುದು ಎದ್ದು ಕಾಣುತ್ತದೆ. ಹಿರಿಯ ಮಗನೇ ಮನೆತುಂಬ ಇದ್ದಾನೆ.

ಕೊನೆಯ ಪಂದ್ಯದಲ್ಲಿ ಎದುರಾಳಿ ಮ್ಯಾಕ್ ರೊಸಾರಿಯೊ. ಗಾಯಗೊಂಡ ಅವನ ಮಿದುಳಿನಲ್ಲಿ ಕಂಪನಿಯೊಂದರ ಚಿಪ್ಪಿದೆ. ಹಳೆಯ ಜೋನ ನೆರಳು ಇಡೀ ಪಂದ್ಯದ ಮೇಲಿದೆ. ಬಿಳಿ ಬೂದಿಗೆ ಇದಕ್ಕಿಂತ ತಕ್ಕ ವೇದಿಕೆ ಇನ್ನಿಲ್ಲ. ಆಗ ಜೋನ ಮೂಲೆಯಿಂದಲೇ ಟವೆಲ್ ಬೀಳುತ್ತದೆ. ಆ ಮೂಲೆಯಲ್ಲಿರುವವರಲ್ಲಿ ಅವನು ಬಿಟ್ಟುಹೋಗಿದ್ದ ಹುಡುಗ ಸಾಚಿಯೊ ಕೂಡ ಇದ್ದಾನೆ. ಜೋ ಸೋಲುತ್ತಾನೆ, ಮನೆಗೆ ಹೋಗುತ್ತಾನೆ.

ಅಗಸ್ಟೀನನ ರಂಗಮಂದಿರದಲ್ಲಿ ಅಸಾಧ್ಯವಾದದ್ದು ಇದೇ: ನೋಡುತ್ತಿದ್ದವರು ಎದ್ದು ಸಹಾಯ ಮಾಡಿದರು. ಐದನೆಯ ಶತಮಾನದ ಇತಿಹಾಸಕಾರ ಥಿಯೊಡೊರೆತನು ತೆಲೆಮಾಖಸನೆಂಬ ಸನ್ಯಾಸಿಯ ಕಥೆಯನ್ನು ಹೇಳುತ್ತಾನೆ. ಅವನು ರೋಮಿನ ಅಖಾಡಕ್ಕೆ ಇಳಿದು ಖಡ್ಗಮಲ್ಲರನ್ನು ಬಿಡಿಸಲು ಹೋದನು. ಕೆರಳಿದ ಪ್ರೇಕ್ಷಕರೇ ಅವನನ್ನು ಕಲ್ಲೆಸೆದು ಕೊಂದರು. ಟವೆಲ್ ಎಸೆಯುವವನನ್ನು ಅಭಿಮಾನಿಗಳು ಎಂದೂ ಸುಲಭವಾಗಿ ಕ್ಷಮಿಸಿದವರಲ್ಲ. ‘ನೊಮಾಡ್’ ಮುಗಿದಾಗಲೂ ಆ ಟವೆಲ್ಲಿನ ಬಗ್ಗೆ ಎಲ್ಲರಿಗೂ ಒಂದೇ ಮನಸ್ಸಿರಲಿಲ್ಲ.

ಇದಕ್ಕೆ ನನ್ನ ವಿದ್ಯಾರ್ಥಿ ಎತ್ತಿದ ಆಕ್ಷೇಪ ಲಘುವಾದುದಲ್ಲ. “ಹಾಗಾದರೆ ಶುಭ ಶುಕ್ರವಾರ ಏನು ಪ್ರಸಂಗಿಸುವುದು? ಶಿಲುಬೆಯ ಕೆಳಗೆ ಯಾರೂ ಟವೆಲ್ ಎಸೆಯಲಿಲ್ಲವಲ್ಲ?” ಎಂದು ಅವರು ಕೇಳಿದರು. ಪೇತ್ರನು ಎಸೆಯಲು ನೋಡಿದನು, ಫಿಲಿಪ್ಪನ ಕೈಸರೈಯದಲ್ಲಿ ಗದರಿಸಿಕೊಂಡನು ಎಂಬುದನ್ನೂ ಅವರು ಸೇರಿಸಬಹುದಿತ್ತು. ಎಲೀಯನ ಪ್ರಸಂಗದಿಂದ ನಾನು ಉತ್ತರವನ್ನು ಆರಂಭಿಸಿದೆ: ಅಡವಿಯಲ್ಲಿ ಸಾವನ್ನು ಬೇಡಿ ಮಲಗಿದ ಪ್ರವಾದಿಗೆ ದೇವದೂತನು ಮೊದಲು ಕೊಟ್ಟದ್ದು ಆಜ್ಞೆಯಲ್ಲ, ರೊಟ್ಟಿ ಮತ್ತು ನೀರು; ತಿಂದವನು ಮತ್ತೆ ಮಲಗಲು ಬಿಟ್ಟನು. ಅವರಿಗೆ ಅದು ಸಾಲಲಿಲ್ಲ. ಎಲೀಯನು ಕ್ರಿಸ್ತನಲ್ಲ ಎಂದರು. ಸರಿಯೇ.

ಆಗ ಸುವಾರ್ತೆಗಳನ್ನೇ ತೆರೆದೆವು. ನಜರೇತಿನವರು ಬೆಟ್ಟದ ಕಡಿದಾದ ಸ್ಥಳಕ್ಕೆ ನೂಕಿಕೊಂಡು ಹೋದಾಗ ಯೇಸು ಅವರ ನಡುವಿನಿಂದ ಹಾದುಹೋದನು. ದೇವಾಲಯದಲ್ಲಿ ಕಲ್ಲು ಎತ್ತಿಕೊಂಡಾಗ ಮರೆಯಾದನು. ಗೆತ್ಸೇಮನೆಯಲ್ಲಿ ಪಾತ್ರೆ ತೊಲಗಲೆಂದು ಬೇಡಿದನು. ಮರಣವನ್ನು ಸುಂದರವೆಂದು ಬಯಸಿದವನ ನಡೆ ಇದಲ್ಲ. ಅವನು ಶಿಲುಬೆಗೆ ಹೋದದ್ದು ತಂದೆಯ ಚಿತ್ತಕ್ಕೆ ವಿಧೇಯನಾಗಿ, ಜನರ ಮೇಲಣ ಪ್ರೀತಿಯಿಂದ, ಉರಿದುಹೋಗುವ ಆಸೆಯಿಂದಲ್ಲ. ಯೋಹಾನನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಶಿಲುಬೆಯ ಮೇಲಿದ್ದಾಗಲೂ ಅವನು ಮಾಡಿದ ಒಂದು ಕೆಲಸ ಬಹಳ ಸಾಮಾನ್ಯವಾದುದು: ತಾಯಿಯ ಮುಂದಿನ ವಸತಿಯ ಏರ್ಪಾಡು. ಆಕೆಯನ್ನು ಶಿಷ್ಯನಿಗೆ ಒಪ್ಪಿಸಿದನು; ಆ ಗಳಿಗೆಯಿಂದ ಶಿಷ್ಯನು ಆಕೆಯನ್ನು ಮನೆಗೆ ಕರೆದುಕೊಂಡು ಹೋದನು. ವಿದ್ಯಾರ್ಥಿ ಆ ವಚನದ ಪಕ್ಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದರು; ಒಪ್ಪಿಕೊಂಡರೋ ಇಲ್ಲವೋ ಹೇಳಲಿಲ್ಲ.