ಲೈಸೆನ್ಸ್ ಇದೆ, ಟೀಮ್ ಇದೆ, ವಿಷಯ ಎಲ್ಲಿ?

ಜಾವಾದಲ್ಲಿ ಕೆಲಸ ಮಾಡೋರಿಗೆ ಈ ಪುಟ ಕಂಡ ಕೂಡಲೇ ಗೊತ್ತಾಗುತ್ತೆ. ಎಡಗಡೆ ಮೆನು, ಅದರಲ್ಲಿ 'ಪ್ರಾಜೆಕ್ಟ್ ಇನ್ಫರ್ಮೇಶನ್', ಅದರಡಿ ಡಿಪೆಂಡೆನ್ಸಿಗಳು, ಲೈಸೆನ್ಸ್, ಟೀಮ್. 'ಬಿಲ್ಟ್ ಬೈ ಮೇವನ್' ಅನ್ನೋ ಪುಟ್ಟ ಬಿಲ್ಲೆ. ಅಪಾಚೆ ಮೇವನ್‌ಗೆ ಒಂದೇ ಒಂದು ಕಮ್ಯಾಂಡ್ ಕೊಟ್ಟರೆ ಸಾಕು, ಪಾಮ್ ಫೈಲಿನಲ್ಲಿರೋದನ್ನೆಲ್ಲ ಹೆಕ್ಕಿ ಪ್ರಾಜೆಕ್ಟಿಗೊಂದು ವೆಬ್‌ಸೈಟ್ ಕಟ್ಟಿ ಕೊಡುತ್ತೆ.

ಮೊದಲು ಹೊಗಳಿಬಿಡ್ತೀನಿ. ಎಲ್ಲ ಸೈಟೂ ಒಂದೇ ಥರ ಇರೋದು ಬೋರ್ ಅನ್ನೋರಿಗೆ ನನ್ನ ಉತ್ತರ ಲಗ್ನಪತ್ರಿಕೆ. ಮುಹೂರ್ತ ಎಲ್ಲಿರುತ್ತೆ, ಛತ್ರದ ವಿಳಾಸ ಎಲ್ಲಿರುತ್ತೆ ಅಂತ ಕಣ್ಣಿಗೇ ಗೊತ್ತು. ಡಿಸೈನರ್ ಪತ್ರಿಕೆ ಬಂದಾಗಲೇ ಛತ್ರ ಹುಡುಕೋಕೆ ಮೂರು ಸಲ ತಿರುಗಿಸಬೇಕಾಗೋದು. ಹಾಗೇ, ಲೀಗಲ್‌ನವರು ಯಾವುದೋ ಲೈಬ್ರರಿಯ ಲೈಸೆನ್ಸ್ ಕೇಳಿದಾಗ ಮೇವನ್ ಸೈಟಲ್ಲಿ ಹತ್ತು ಸೆಕೆಂಡಿನ ಕೆಲಸ.

ಆದರೆ ಪತ್ರಿಕೆಯಲ್ಲಿ ವಧು-ವರರ ಹೆಸರೇ ಇಲ್ಲದಿದ್ದರೆ? ಪಾಮ್ ಫೈಲಲ್ಲಿ ವಿವರಣೆ ಬರೆಯದಿದ್ದರೆ, ಈ ಪ್ರಾಜೆಕ್ಟಿಗೆ ಸದ್ಯ ಯಾವ ವಿವರಣೆಯೂ ಇಲ್ಲ ಅಂತ ಮೇವನ್ ವಿನಯದಿಂದ ಅಚ್ಚು ಹಾಕುತ್ತೆ. ಅದೂ ಮುಖಪುಟದಲ್ಲಿ! ಕೋಣೆ ಖಾಲಿ ಇದ್ದರೂ ಬಾಗಿಲಿಗೆ ಬೋರ್ಡು ಮಾತ್ರ ಗ್ಯಾರಂಟಿ. ಯಂತ್ರಕ್ಕೆ ಏನು ಗೊತ್ತೋ ಅದು ಪುಕ್ಕಟೆ ಬರುತ್ತೆ. ಈ ಲೈಬ್ರರಿ ಯಾಕಿದೆ, ಯಾವಾಗ ಬಳಸಬಾರದು ಅನ್ನೋದು ಮನುಷ್ಯರಿಗೆ ಮಾತ್ರ ಗೊತ್ತು. ಅದನ್ನ ಯಾರಾದ್ರೂ ಕೂತು ಬರೀಬೇಕು.

ಇದಕ್ಕೆ ಬೇಸತ್ತು ನನ್ನ ಹಿಂದಿನ ಆಫೀಸಲ್ಲಿ ಒಬ್ಬ ಜಾಣ ಸೈಟಿನ ಟೆಂಪ್ಲೇಟನ್ನೇ ಬದಲಾಯಿಸಿದ. ಸೂಪರ್ ಆಗಿತ್ತು, ಸುಳ್ಳು ಹೇಳಲ್ಲ. ಆರು ತಿಂಗಳಿಗೆ ಅವನು ಕೆಲಸ ಬಿಟ್ಟ, ಆಮೇಲೆ ನಾವು ಪ್ಲಗಿನ್ ಅಪ್‌ಗ್ರೇಡ್ ಮಾಡಿದ್ವಿ, ಟೆಂಪ್ಲೇಟ್ ಮುರೀತು. ರಿಪೇರಿ ಮಾಡೋಕೆ ಯಾರಿಗೂ ಪುರುಸೊತ್ತಿಲ್ಲ. ಹೊಸ ಸೈಟ್ ಬಿಲ್ಡ್ ಆಗದೆ ಹಳೆಯದೇ ಸರ್ವರಿನಲ್ಲಿ ಕೂತಿತ್ತು, ಹಳೇ ವರ್ಶನ್ನಿನ ಸೂಚನೆಗಳ ಸಮೇತ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದನ್ನ ನಂಬಿ ಎರಡು ದಿನ ಒದ್ದಾಡಿದಳು, ತಪ್ಪು ತನ್ನದೇ ಅಂದುಕೊಂಡು. ಅವಳು ಯಾರನ್ನೂ ಕೇಳಲಿಲ್ಲ. ನಾವ್ಯಾರೂ ನೋಡಲೂ ಇಲ್ಲ.

ರಸ್ಟ್ ಭಾಷೆಯವರ ಡಾಕ್ಸ್.ಆರ್‌ಎಸ್ ಇದನ್ನ ಬೇರೆ ಥರ ನಿಭಾಯಿಸುತ್ತೆ. ಕ್ರೇಟ್ಸ್.ಐಒಗೆ ನೀವೊಂದು ಲೈಬ್ರರಿ ಹಾಕಿದರೆ ಅದರ ಡಾಕ್ಯುಮೆಂಟೇಶನ್ ತಾನಾಗೇ ಬಿಲ್ಡ್ ಆಗುತ್ತೆ, ಪ್ರತಿ ವರ್ಶನ್ನಿಗೂ ಪ್ರತ್ಯೇಕವಾಗಿ. ರೂಪದಲ್ಲಿ ನಿಮಗೆ ಸ್ವಾತಂತ್ರ್ಯ ಕಡಿಮೆ. ಲೋಗೋ ಹಾಕಬಹುದು, ಗಣಿತದ ಸೂತ್ರ ತೋರಿಸಬೇಕಂದ್ರೆ ಹೆಡರಿನಲ್ಲಿ ಕೇಟೆಕ್ ಸೇರಿಸಬಹುದು. ಸ್ವಾತಂತ್ರ್ಯ ಇರೋದು ಬರವಣಿಗೆಯಲ್ಲಿ. ಕೋಡಿನ ಪಕ್ಕದಲ್ಲೇ ಬರೀತೀರಿ, ಅಲ್ಲಿ ಕೊಟ್ಟ ಉದಾಹರಣೆಗಳು ಕಾರ್ಗೋ ಟೆಸ್ಟ್ ಮಾಡಿದಾಗ ನಿಜವಾಗಿಯೂ ಓಡುತ್ತವೆ. ಉದಾಹರಣೆ ಹಳಸಿದರೆ ಟೆಸ್ಟ್ ಫೇಲ್. ವಿವರಣೆ ಬರೆದಿಲ್ಲವಾ? 'ಮಿಸ್ಸಿಂಗ್ ಡಾಕ್ಸ್' ಎಚ್ಚರಿಕೆ ಆನ್ ಮಾಡಿಟ್ಟರೆ ಕಂಪೈಲರ್ ಬರೆಯೋನಿಗೇ ಬೈಯುತ್ತೆ. ಮೇವನ್ ಖಾಲಿ ಅಂತ ಹೇಳೋದು ಓದೋನಿಗೆ, ಅವನೇನು ಮಾಡಕ್ಕಾಗುತ್ತೆ ಪಾಪ. ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇದು. ಥೀಮು, ಬಣ್ಣ ಎಲ್ಲ ಆಮೇಲಿನ ಮಾತು.

ಅಲ್ಲೂ ಕೊರತೆ ಇಲ್ಲ ಅಂತಲ್ಲ. ಹಂತಹಂತವಾಗಿ ಕಲಿಸೋ ಪಾಠಕ್ಕೆ ಆ ಚೌಕಟ್ಟು ಸಾಲಲ್ಲ. ಟೋಕಿಯೋ, ಸರ್ಡೆ ಥರದ ದೊಡ್ಡ ಪ್ರಾಜೆಕ್ಟುಗಳು ಅದಕ್ಕೇ ಬೇರೆ ಸೈಟ್ ಇಟ್ಟುಕೊಂಡಿವೆ. ಆದರೆ ಡಾಕ್ಸ್.ಆರ್‌ಎಸ್‌ನ ಬಿಟ್ಟಿಲ್ಲ.

ನಾನೀಗ ಮೇವನ್ ಪ್ರಾಜೆಕ್ಟುಗಳಲ್ಲಿ ಟೆಂಪ್ಲೇಟ್ ಮುಟ್ಟಲ್ಲ. ಫ್ಲೂಯಿಡೋ ಸ್ಕಿನ್ ಇದ್ದ ಹಾಗೇ ಇರ್ಲಿ. ಸೈಟ್ ಎಕ್ಸ್‌ಎಂಎಲ್‌ನಲ್ಲಿ 'ಶುರು ಮಾಡೋದು ಹೇಗೆ' ಪುಟವನ್ನ ಮೆನುವಿನ ಮೇಲಕ್ಕೆ ತರ್ತೀನಿ, ರಿಪೋರ್ಟುಗಳನ್ನ ಕೆಳಕ್ಕೆ ತಳ್ತೀನಿ, ಖಾಲಿ ಪುಟಗಳನ್ನ ಪಾಮ್ ಫೈಲಿನ ರಿಪೋರ್ಟ್‌ಸೆಟ್‌ನಿಂದ ತೆಗೆದುಹಾಕ್ತೀನಿ. ಅರ್ಧ ಗಂಟೆ ಹಿಡಿಯುತ್ತೆ. ವಿವರಣೆಯ ಆ ಎರಡು ಸಾಲು ಬರೆಯೋಕೆ ಮಾತ್ರ ಪ್ರತಿ ಸಲವೂ ಇಡೀ ಮಧ್ಯಾಹ್ನ ಬೇಕಾಗುತ್ತೆ.