ಹನ್ನೆರಡು ಗಂಟೆಯ ಬ್ಯಾಕಪ್ ಯಾರಿಗಾಗಿ?

ಬ್ಯಾಕಪ್ ನಡುರಾತ್ರಿಯೇ ಆಗಬೇಕೆನ್ನುವ ಹನ್ನೆರಡು ಗಂಟೆಯ ಪಂಥದವರ ಜೊತೆ ಹಳೆಯ ಜಗಳವೊಂದು ಬಾಕಿಯಿದೆ.

ತುಮಕೂರಿನ ಶೆಟ್ಟಿಹಳ್ಳಿಯಂಥ ಬಡಾವಣೆಯಲ್ಲಿ ಅಂಗಡಿ ಮುಚ್ಚುವ ಕ್ರಮ ಎಲ್ಲರಿಗೂ ಗೊತ್ತು. ಗಲ್ಲಾಪೆಟ್ಟಿಗೆಗೆ ಬೀಗ, ಆಮೇಲೆ ಮೇನ್ ಸ್ವಿಚ್ ಆಫ್, ಕೊನೆಗೆ ಶಟರ್. ಶಾರ್ಟ್ ಸರ್ಕ್ಯೂಟಿನ ಭಯ ನ್ಯಾಯವಾದದ್ದೇ. ಆದರೆ ಸಾಫ್ಟ್‌ವೇರ್ ಹಾಕಿಕೊಟ್ಟವರು ಬ್ಯಾಕಪ್ಪಿಗೆ ಇಟ್ಟುಹೋದ ಹೊತ್ತು ನಡುರಾತ್ರಿ. ಹೊತ್ತು ಬಂದಾಗ ಯಂತ್ರವೇ ಎದ್ದಿರುವುದಿಲ್ಲ.

ಈ ಅಭ್ಯಾಸ ಹಗಲೂ ರಾತ್ರಿ ಓಡುವ ದೊಡ್ಡ ಯಂತ್ರಗಳಿಂದ ಬಂದದ್ದು. 1979ರಲ್ಲಿ ಬೆಲ್ ಲ್ಯಾಬ್ಸ್ ಹೊರತಂದ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ, ಗೊತ್ತಾದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ನಿಮಿಷಕ್ಕೊಮ್ಮೆ ಎದ್ದು ಪಟ್ಟಿ ನೋಡುತ್ತಿತ್ತು. ಯಂತ್ರ ಮಲಗಿದ್ದಾಗ ಕಳೆದ ನಿಮಿಷ ಕಳೆದೇ ಹೋಯಿತು. ಅದಕ್ಕೇ ಅನಾಕ್ರಾನ್ ಬಂತು. ಅದು ಗಂಟೆ ಕೇಳುವುದಿಲ್ಲ, ಕೊನೆಯ ಸಲ ಓಡಿ ಎಷ್ಟು ದಿನವಾಯಿತು ಎಂದು ಕೇಳುತ್ತದೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲೂ ತಪ್ಪಿದ ಕೆಲಸವನ್ನು ಆಮೇಲೆ ಓಡಿಸುವ ಆಯ್ಕೆಯುಂಟು, ಆದರೆ ಅದಕ್ಕೆ ಟಿಕ್ ನಾವೇ ಹಾಕಬೇಕು. ಕರೆಂಟಿನ ಮೇಲಿದ್ದರೆ ಮಾತ್ರ ಶುರುಮಾಡು ಎಂಬ ಷರತ್ತಿಗೆ ಮಾತ್ರ ಮೊದಲೇ ಟಿಕ್ ಬಿದ್ದಿರುತ್ತದೆ. ಸರಿಯಾಗಿ ಆ ಹೊತ್ತಿಗೆ ಕರೆಂಟು ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಗೆ ಬಿದ್ದರೆ ಬ್ಯಾಕಪ್ ಶುರುವಾಗುವುದೇ ಇಲ್ಲ.

ಬಾಡಿಗೆ ಸರ್ವರುಗಳದ್ದು ಬೇರೆ ಕಥೆ. ಎಷ್ಟೋ ಸರ್ವರುಗಳ ಗಡಿಯಾರ ಯುಟಿಸಿಯಲ್ಲಿರುತ್ತದೆ. ಅಲ್ಲಿ ಬೆಳಗಿನ ಜಾವ 2 ಎಂದರೆ ನಮಗೆ 7.30, ಹಳ್ಳಿಯ ಡೇರಿಯಲ್ಲಿ ಹಾಲು ಅಳೆಯುವ ಹೊತ್ತು. ಆಗ ಬ್ಯಾಕಪ್ಪೂ ಬಿಲ್ಲಿಂಗೂ ಒಂದೇ ಡಿಸ್ಕಿಗೆ ಬೀಳುತ್ತವೆ, ಎರಡೂ ತೆವಳುತ್ತವೆ.

ಆದ್ದರಿಂದ ನನ್ನ ಮಾತು ಇಷ್ಟೇ: ಬ್ಯಾಕಪ್ಪನ್ನು ಗಂಟೆಗೆ ಕಟ್ಟಬೇಡಿ, ಕೆಲಸಕ್ಕೆ ಕಟ್ಟಿ. ದಿನದ ಕೊನೆಯ ಬಿಲ್ ಮುಗಿಯಿತೋ, ಬ್ಯಾಕಪ್ ಶುರುವಾಗಲಿ; ಅದು ಮುಗಿದ ಮೇಲೆ ಯಂತ್ರ ತಾನೇ ಆಫ್ ಆಗಲಿ.

ಗಂಟೆಗಿಂತ ತಾರೀಖು ಇನ್ನೂ ಮೋಸಗೊಳಿಸುತ್ತದೆ. ಪಾಲ್ ವಿಕ್ಸಿಯವರ 1987ರ ಕ್ರಾನ್ ನನಗೆ ಅಚ್ಚುಮೆಚ್ಚು. ಅದರ ಕೈಪಿಡಿಯಲ್ಲಿ ಹಲವರು ಓದದೇ ಬಿಡುವ ನಿಯಮವೊಂದಿದೆ. ತಾರೀಖನ್ನೂ ವಾರವನ್ನೂ ಒಟ್ಟಿಗೆ ನಮೂದಿಸಿದರೆ ಎರಡೂ ಕೂಡಿಬರಲಿ ಎಂದು ಕ್ರಾನ್ ಕಾಯುವುದಿಲ್ಲ, ಒಂದು ಕೂಡಿದರೂ ಓಡುತ್ತದೆ. ತಿಂಗಳ ಮೊದಲ ಭಾನುವಾರ ಪೂರ್ಣ ಬ್ಯಾಕಪ್ ಆಗಲಿ ಎಂದು 1ರಿಂದ 7, ಜೊತೆಗೆ ಭಾನುವಾರ ಎಂದು ಬರೆದವರಿಗೆ ಮೊದಲ ಏಳು ದಿನವೂ, ಆಮೇಲಿನ ಪ್ರತಿ ಭಾನುವಾರವೂ ಪೂರ್ಣ ಬ್ಯಾಕಪ್ಪೇ. ಡಿಸ್ಕು ತುಂಬುತ್ತದೆ, ಒಂದು ಮುಗಿಯುವ ಮೊದಲೇ ಇನ್ನೊಂದು ಬರುತ್ತದೆ, ದಿನದ ಬ್ಯಾಕಪ್ ಸರತಿಯಲ್ಲಿ ನಿಲ್ಲುತ್ತದೆ. ಪಟ್ಟಿಯಲ್ಲಿ 1ರಿಂದ 7 ಮಾತ್ರ ಬರೆಯಿರಿ, ಇವತ್ತು ಭಾನುವಾರವೇ ಎಂಬ ಪ್ರಶ್ನೆಯನ್ನು ಆದೇಶದೊಳಗೆ ಸೇರಿಸಿ. ಈ ನಿಯಮ ಓದದವರು ಇನ್ನೊಬ್ಬರ ಲೆಕ್ಕಪತ್ರವಿರುವ ಸರ್ವರಿಗೆ ಕೈಹಾಕಬಾರದು.